ಒಟ್ಟು ಲೆಕ್ಕದ ಪಕ್ಕದಲ್ಲಿ ತಲಾ ಲೆಕ್ಕವನ್ನೂ ಕೊಡಿ

ಮಾನ್ಯ ಸಂಪಾದಕರೇ,

ಇಂಗಾಲದ ಡೈಆಕ್ಸೈಡ್ ಉಗುಳುವುದರಲ್ಲಿ ಭಾರತಕ್ಕೆ ಜಗತ್ತಿನಲ್ಲೇ ಮೂರನೇ ಸ್ಥಾನ ಎಂಬ ಸುದ್ದಿ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಚೀನಾ, ಅಮೆರಿಕ, ಆಮೇಲೆ ನಾವು. ಲೆಕ್ಕ ತಪ್ಪಲ್ಲ, ಆದರೆ ಅರ್ಧಕ್ಕೇ ನಿಂತಿದೆ. ಮೂವತ್ತು ವರ್ಷ ಮಕ್ಕಳಿಗೆ ಸರಾಸರಿ ಹೇಳಿಕೊಟ್ಟವಳು ನಾನು. ಓದಿ ಸುಮ್ಮನಿರಲು ಆಗಲಿಲ್ಲ.

ಹದಿನಾಲ್ಕು ಜನರ ಕೂಡು ಕುಟುಂಬದಲ್ಲಿ ಅಕ್ಕಿ ಮೂಟೆ ಬೇಗ ಖಾಲಿಯಾಗುತ್ತದೆ. ಅಷ್ಟಕ್ಕೇ ಆ ಮನೆಯವರನ್ನು ಹೊಟ್ಟೆಬಾಕರು ಅಂತೀವಾ? ನಾವು 140 ಕೋಟಿ ದಾಟಿದ್ದೇವೆ, ಅಮೆರಿಕದವರು ಸುಮಾರು 34 ಕೋಟಿ. ತಲೆಗೆ ಇಷ್ಟು ಅಂತ ಹಂಚಿದರೆ ನಮ್ಮ ಪಾಲು ವರ್ಷಕ್ಕೆ ಸುಮಾರು 2 ಟನ್, ಅವರದು ಸುಮಾರು 14. ಜಗತ್ತಿನ ಸರಾಸರಿಯೇ 4.7ರ ಆಸುಪಾಸಿನಲ್ಲಿದೆ.

ಆ 14 ಟನ್ ಹೇಗಾಗುತ್ತದೆ ಅಂತ ಟೆಕ್ಸಾಸ್‌ನ ಮಗಳ ಮನೆಯಲ್ಲಿ ಕಣ್ಣಾರೆ ನೋಡಿದೆ. ಹೊರಗೆ ನಮ್ಮ ರಾಯಚೂರಿನಂಥ ಬಿಸಿಲು. ಒಗೆದ ಬಟ್ಟೆ ಹಗ್ಗದ ಮೇಲೆ ಹಾಕಿದರೆ ಅರ್ಧ ಗಂಟೆಗೆ ಗರಿಗರಿ. ಆದರೆ ಹೊರಗೆ ಬಟ್ಟೆ ಒಣಗಿಸಬಾರದು ಅನ್ನುವುದು ಅವರ ಬಡಾವಣೆಯ ನಿಯಮ! ಹಾಗಾಗಿ ಒಂದು ಗಂಟೆ ಡ್ರೈಯರ್ ತಿರುಗುತ್ತದೆ. ಅದರ ಬಿಸಿಗೆ ಮನೆ ಕಾಯುತ್ತದೆ, ತಣ್ಣಗಾಗಿಸಲು ಏಸಿ ದುಡಿಯುತ್ತದೆ. ಹಾಲು ತರಬೇಕೆಂದರೂ ಕಾರೇ ಗತಿ, ನಡೆದು ಹೋಗೋಣವೆಂದರೆ ಫುಟ್‌ಪಾತೇ ಇಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಮಗಳದು ದುಂದಿನ ಕೈಯಲ್ಲ. ಆ ಊರು ಕಟ್ಟಿರುವ ರೀತಿಯೇ ಹಾಗೆ.

ಈ ವರ್ಷದ ಅಂಕಿಯ ಜೊತೆಗೆ ಅದು ಯಾವ ಕಡೆಗೆ ಹೊರಟಿದೆ ಅನ್ನುವುದನ್ನೂ ತೋರಿಸಬೇಕು. ಅಮೆರಿಕದ ತಲಾ ಲೆಕ್ಕ 2005ರಲ್ಲಿ 20 ಟನ್‌ಗೂ ಮೇಲಿತ್ತು. ಕಲ್ಲಿದ್ದಲು ಬಿಟ್ಟು ಗ್ಯಾಸ್‌ಗೆ, ಗಾಳಿ ವಿದ್ಯುತ್ತಿಗೆ ತಿರುಗಿದ್ದರಿಂದ ಇಳಿದಿದೆ. ಬ್ರಿಟನ್ 1990ರಲ್ಲಿ 10 ಟನ್ ದಾಟಿತ್ತು, ಈಗ 5ಕ್ಕಿಂತ ಕಡಿಮೆ. ಕಲ್ಲಿದ್ದಲಿನಿಂದಲೇ ಕೈಗಾರಿಕೆ ಕಟ್ಟಿದ ಆ ದೇಶ ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಚೀನಾದ್ದು ಉಲ್ಟಾ. 2000ದಲ್ಲಿ 3 ಟನ್ ಕೂಡ ಇರಲಿಲ್ಲ, ಈಗ 8ರ ಸುತ್ತಮುತ್ತ. ಯುರೋಪ್ ಒಕ್ಕೂಟದ ಸರಾಸರಿಯನ್ನೂ ದಾಟಿದೆ.

ಫ್ರಾನ್ಸ್ ಮತ್ತು ಜರ್ಮನಿ ಅಕ್ಕಪಕ್ಕದ ಮನೆಗಳು, ಎರಡೂ ಶ್ರೀಮಂತ. ಆದರೂ ಫ್ರಾನ್ಸಿನವರ ಪಾಲು 4 ಟನ್ ಚಿಲ್ಲರೆ, ಜರ್ಮನಿಯವರದು 7ರ ಹತ್ತಿರ. ಫ್ರಾನ್ಸ್ 1970ರ ದಶಕದಲ್ಲೇ ಅಣುವಿದ್ಯುತ್ತಿಗೆ ಹೊರಳಿತು, ಜರ್ಮನಿ ಕಲ್ಲಿದ್ದಲನ್ನು ಬಿಡಲಿಲ್ಲ. ಚೆನ್ನಾಗಿ ಬದುಕಬೇಕೆಂದರೆ ಹೊಗೆ ಉಗುಳಲೇಬೇಕು ಅನ್ನುವವರಿಗೆ ನಾನು ಈ ಎರಡು ದೇಶಗಳನ್ನು ತೋರಿಸುತ್ತೇನೆ.

ಇನ್ನೊಂದು ವಿಷಯ. ಚೀನಾದ ಕಾರ್ಖಾನೆಯಲ್ಲಿ ತಯಾರಾಗಿ ಲಂಡನ್ನಿನಲ್ಲಿ ಮಾರಾಟವಾದ ಟಿವಿಯ ಹೊಗೆ ಚೀನಾದ ಖಾತೆಗೆ ಹೋಗುತ್ತದೆ. ಬಳಸಿದವರ ಖಾತೆಗೆ ಬರೆದರೆ ಬ್ರಿಟನ್ನಿನ ಅಂಕಿ ಏರುತ್ತದೆ, ಚೀನಾದ್ದು ಇಳಿಯುತ್ತದೆ. ಈ ಲೆಕ್ಕವೂ ಓದುಗರಿಗೆ ಸಿಗಬೇಕು, ಅಲ್ವಾ?

ಭಾರತದ ಪರ ವಕಾಲತ್ತು ಮಾಡಲು ಇದನ್ನೆಲ್ಲ ಬರೆಯುತ್ತಿಲ್ಲ. 1990ರಲ್ಲಿ ನಮ್ಮ ಪಾಲು 1 ಟನ್ ಕೂಡ ಇರಲಿಲ್ಲ, ಈಗ ಎರಡು ಪಟ್ಟಿಗೂ ಜಾಸ್ತಿ ಏರಿದೆ. ಆ 2 ಟನ್‌ನಲ್ಲೂ ಎಲ್ಲರ ಪಾಲು ಒಂದೇ ಅಲ್ಲ. ನಾನು ಒಂದು ಸಲ ಅಮೆರಿಕಕ್ಕೆ ಹೋಗಿಬಂದ ವಿಮಾನದ ಹೊಗೆಯೇ ಹತ್ತಿರ ಹತ್ತಿರ ಒಬ್ಬ ಭಾರತೀಯನ ಇಡೀ ವರ್ಷದ ಪಾಲಿನಷ್ಟು. ನಮ್ಮ ಮನೆಗೆಲಸಕ್ಕೆ ಬರುವಾಕೆ ಬಸ್ಸಿನಲ್ಲಿ ಬರುತ್ತಾಳೆ, ಮನೆಯಲ್ಲಿ ಎರಡು ಬಲ್ಬು, ಒಂದು ಫ್ಯಾನು. ನನ್ನ ಹೊಗೆಯನ್ನು ಆಕೆಯ ತಲೆಗೂ ಹಂಚಿ ‘ನಮ್ಮದು ಬರೀ ಎರಡು ಟನ್’ ಎಂದು ಹೇಳಿಕೊಳ್ಳಲು ನನಗೆ ಮನಸ್ಸು ಒಪ್ಪುವುದಿಲ್ಲ.

ಇಂಥ ಸುದ್ದಿ ಮುಂದೆ ಬಂದಾಗ ಒಟ್ಟು ಮೊತ್ತದ ಪಕ್ಕದಲ್ಲಿ ಇನ್ನೆರಡು ಕಾಲಂ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಒಂದರಲ್ಲಿ ಈಗಿನ ತಲಾ ಲೆಕ್ಕ, ಇನ್ನೊಂದರಲ್ಲಿ 1990ರದ್ದು. ಅಷ್ಟಿದ್ದರೆ ಎಂಟನೇ ಕ್ಲಾಸಿನ ಮಕ್ಕಳೂ ಗ್ರಾಫ್ ಹಾಳೆಯಲ್ಲಿ ಬಿಡಿಸಿಕೊಳ್ಳುತ್ತಾರೆ.

— ನಿವೃತ್ತ ಗಣಿತ ಶಿಕ್ಷಕಿ, ತಿಪಟೂರು