ಶಿಕ್ಷಣ ಸಚಿವರಿಗೆ ಒಂದು ಪತ್ರ: ರಾಜಕಾಲುವೆ ಪಕ್ಕದ ಮಕ್ಕಳಿಗೆ ಯಾವ ಪರಿಸರ ಪಾಠ?

ಮಾನ್ಯ ಶಾಲಾ ಶಿಕ್ಷಣ ಸಚಿವರೇ, ನಮಸ್ಕಾರ.

ನಾನು ಬೆಂಗಳೂರಿನ ಮೈಸೂರು ರಸ್ತೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ಒಂಬತ್ತನೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ, ಉರ್ದು, ತಮಿಳು, ತೆಲುಗು ಮಾತಾಡುವ ಮಕ್ಕಳಿದ್ದಾರೆ, ಕಟ್ಟಡ ಕೆಲಸಕ್ಕೆಂದು ರಾಯಚೂರು, ಯಾದಗಿರಿಯಿಂದ ಬಂದವರ ಮಕ್ಕಳಿದ್ದಾರೆ, ಬಿಹಾರದ ಇಬ್ಬರಿದ್ದಾರೆ. ಜಾಸ್ತಿ ಜನರ ಮನೆ ವೃಷಭಾವತಿಯ ಪಕ್ಕ, ಇಲ್ಲವೇ ಅದಕ್ಕೆ ಸೇರುವ ರಾಜಕಾಲುವೆಯ ಪಕ್ಕ.

ಜಲಮಾಲಿನ್ಯದ ಪಾಠ ಮಾಡುವಾಗ ನಿಮ್ಮ ಮನೆ ಹತ್ತಿರದ ನದಿ ಯಾವುದು ಅಂತ ಕೇಳಿದೆ. ಎಲ್ಲರೂ ಕಾವೇರಿ ಅಂದರು. ವೃಷಭಾವತಿ ಅಂತ ನಾನೇ ಹೇಳಿದಾಗ ಒಬ್ಬ ಹುಡುಗಿ, "ಮಿಸ್, ಅದು ಮೋರಿ ಅಲ್ವಾ?" ಎಂದಳು. ಅವಳು ಹುಟ್ಟಿದಾಗಿನಿಂದ ನೋಡಿರುವುದು ಕಪ್ಪು ನೀರನ್ನೇ. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟುತ್ತದೆ ಎಂದು ಜನ ನಂಬುವ ಈ ನದಿ ಪೀಣ್ಯದ ಕಾರ್ಖಾನೆಗಳ ನೀರು, ನಗರದ ಪಶ್ಚಿಮ ಭಾಗದ ಕೊಳಚೆ ಎರಡನ್ನೂ ಹೊತ್ತು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗುತ್ತದೆ, ಮುಂದೆ ಅರ್ಕಾವತಿ ಸೇರಿ ಕೊನೆಗೆ ಕಾವೇರಿಗೇ. ಹಾಗಾಗಿ ಮಕ್ಕಳ ಉತ್ತರ ಪೂರ್ತಿ ತಪ್ಪಲ್ಲ. ಬೈರಮಂಗಲದ ಸುತ್ತ ಅದೇ ನೀರಲ್ಲಿ ದನದ ಹುಲ್ಲು ಬೆಳೆಯುತ್ತಾರೆ ಎಂದೆ. ಆ ಹಾಲು ಎಲ್ಲಿಗೆ ಬರುತ್ತದೆ ಎಂದು ತಕ್ಷಣ ಕೇಳಿದರು. ಉರ್ದು ಮನೆಮಾತಿನ ಹುಡುಗನೊಬ್ಬ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಳೆಗಾಲದಲ್ಲಿ ನಮ್ಮ ಮನೆಗೆ ನುಗ್ಗುವ ನೀರು ಯಾರ ಮನೆಯದು ಮಿಸ್?" ಎಂದ.

ಪುಸ್ತಕದಲ್ಲಿ ಮಾಲಿನ್ಯದ ವಿಧಗಳಿವೆ, ಕಾರಣಗಳಿವೆ, ಪರಿಣಾಮಗಳಿವೆ. ಅವನ ಪ್ರಶ್ನೆ ಇಲ್ಲ. ಮಕ್ಕಳನ್ನು ಕಾಲುವೆ ಉದ್ದಕ್ಕೂ ಒಂದು ದಿನ ನಡೆಸಿಕೊಂಡು ಹೋಗುತ್ತೇನೆ ಅಂತ ಅನುಮತಿ ಕೇಳಿದೆ. ಮೊದಲು ಸಿಲಬಸ್ ಮುಗಿಸಿ ಎಂದರು. ಜೂನ್ 5ಕ್ಕೆ ಮಾತ್ರ ತಪ್ಪದೆ ಸಸಿ ನೆಡುತ್ತೇವೆ. ಗಿಡ ಬೇಡ ಅನ್ನುತ್ತಿಲ್ಲ, ಆದರೆ ಹತ್ತಡಿ ಕೋಣೆಯಲ್ಲಿ ಐದು ಜನ ಇರುವ ಮಗುವಿಗೆ ಪರಿಸರ ಅಂದರೆ ಸಸಿ ನೆಡುವುದು ಅಂತ ಮಾತ್ರ ಹೇಳಿಕೊಟ್ಟರೆ ಅದು ಅನ್ಯಾಯ.

ಪರಿಸರ ಶಿಕ್ಷಣ ಕಡ್ಡಾಯವಾಗಬೇಕು ಎಂದು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಹೊಸ ಪುಸ್ತಕ ಬೇಡ ಸಾರ್. ಎಂಟು, ಒಂಬತ್ತನೇ ತರಗತಿಗೆ ವಾರಕ್ಕೆ ಒಂದು ಪೀರಿಯಡ್ ಕೊಡಿ. ತಮ್ಮ ಬೀದಿಯ ನಕ್ಷೆಯನ್ನು ಮಕ್ಕಳೇ ಬರೆಯಲಿ: ಕಸ ಎಲ್ಲಿ ಸುರಿಯುತ್ತಾರೆ, ನೀರು ಎಲ್ಲಿ ನಿಲ್ಲುತ್ತದೆ, ನಲ್ಲಿ ಯಾವ ದಿನ ಬರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆ ನೀರಿಗೆ ಎ ಇಂದ ಇ ತನಕ ದರ್ಜೆ ಕೊಡುತ್ತದಲ್ಲ, ಅದನ್ನು ಓದಲು ಕಲಿಯಲಿ. ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕಲಿಯಲಿ. ಅಜ್ಜಿ ಹತ್ತಿರ ತಮಿಳಲ್ಲೋ ತೆಲುಗಲ್ಲೋ ಕೇಳಿದ ಹಳೇ ಕೆರೆಯ ಕಥೆಯನ್ನು ಆ ಭಾಷೆಯಲ್ಲೇ ಹೇಳಿ, ಆಮೇಲೆ ಎಲ್ಲರೂ ಸೇರಿ ಕನ್ನಡದಲ್ಲಿ ಬರೆಯಲಿ. ನಮ್ಮ ತರಗತಿಯಲ್ಲಿ ಪೌರಕಾರ್ಮಿಕರ ಮಕ್ಕಳಿದ್ದಾರೆ. ಈ ನಗರದ ಕಸ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಆ ತಾಯಂದಿರಷ್ಟು ಚೆನ್ನಾಗಿ ನನಗೆ ಗೊತ್ತಿಲ್ಲ. ಅವರನ್ನು ಪಾಠ ಮಾಡಲು ಕರೆಯಲು ಅವಕಾಶ ಕೊಡಿ, ಆ ದಿನದ ಕೂಲಿಯನ್ನೂ ಕೊಡಿ.

ಬೇಸಿಗೆ ರಜೆ ಮುಗಿಯುವ ಮೊದಲು ಒಂದು ಸುತ್ತೋಲೆ ಬಂದರೆ ಸಾಕು. ಮಳೆಗೆ ಮುಂಚೆ ಒಂದು ಸಲ ಕಾಲುವೆ ನೋಡಿ ಬರುತ್ತೇವೆ, ಮಳೆ ಬಂದ ಮೇಲೆ ಇನ್ನೊಂದು ಸಲ. ಆ ಹುಡುಗ ಈಗ ಹತ್ತನೇ ತರಗತಿಗೆ ಬರುತ್ತಿದ್ದಾನೆ, ಅವನ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ