ದೋಣಿ ಹೊದಿಕೆ: ಬದಲಿಸುವ ಮುನ್ನ ದಾರ ನೋಡಿ

ಮಾನ್ಯ ಸಂಪಾದಕರೇ,

ದೋಣಿ ನಿರ್ವಹಣೆ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಎಂಜಿನ್, ಬಣ್ಣಗಳ ಬಗ್ಗೆ ವಿವರವಾಗಿಯೇ ಹೇಳಿದೆ. ಹೊದಿಕೆಯ ವಿಚಾರಕ್ಕೆ ಬಂದಾಗ ಮಾತ್ರ ‘ಹರಿದಿದ್ದರೆ ಬದಲಿಸಿ’ ಎಂದು ಕೈತೊಳೆದುಕೊಂಡಿದೆ. ಹರಿದಿರುವುದು ಬಟ್ಟೆಯೋ ದಾರವೋ ಎಂದು ನೋಡದೆ ಹೊಸದಕ್ಕೆ ದುಡ್ಡು ಸುರಿಯುವುದು ಸುಮ್ಮನೆ ದಂಡ.

ಅಕ್ರಿಲಿಕ್ ಹೊದಿಕೆಯಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ದಾರ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಪಾಲಿಯೆಸ್ಟರ್ ದಾರ ಬೇಗ ಸವೆಯುತ್ತದೆ, ಬಟ್ಟೆ ಇನ್ನೂ ಕೆಲವು ವರ್ಷ ತಡೆಯುತ್ತದೆ. ಹೆಚ್ಚು ಬಿಸಿಲು ಬೀಳುವ ಕಡೆಯ ಹೊಲಿಗೆಯನ್ನು ಉಗುರಿನಿಂದ ಗೀರಿ ನೋಡಿ. ದಾರ ಪುಡಿಯಾಗಿ ಉದುರಿದರೆ ಅದರ ಕಥೆ ಮುಗಿಯಿತು. ಆಮೇಲೆ ಪಕ್ಕದ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ, ಹೆಬ್ಬೆರಳಿನಿಂದ ಒತ್ತಿ. ಗಟ್ಟಿಯಾಗಿದ್ದರೆ ಮರುಹೊಲಿಗೆ ಸಾಕು. ಪಿಸಿದು ಬಂದರೆ ಬಟ್ಟೆ ಲಡ್ಡಾಗಿದೆ ಎಂದರ್ಥ. ಅದಕ್ಕೆ ತೇಪೆ ಹಾಕಿದರೆ ತೇಪೆಯ ಅಂಚಿನಲ್ಲೇ ಮತ್ತೆ ಹರಿಯುತ್ತದೆ.

ಮರುಹೊಲಿಗೆಗೆ ಹತ್ತಿ ದಾರ ಬೇಡವೇ ಬೇಡ, ನೈಲಾನ್ ಕೂಡ ಬಿಸಿಲಿಗೆ ಬಾಳದು. ಅತಿನೇರಳೆ ಕಿರಣ ತಡೆಯುವ ಬಾಂಡೆಡ್ (ಎಳೆ ಬಿಡದಂತೆ ಲೇಪ ಕೊಟ್ಟ) ಪಾಲಿಯೆಸ್ಟರ್ ದಾರ, ವಿ-92 ದಪ್ಪದ್ದು, 18ನೇ ನಂಬರಿನ ಸೂಜಿ, 4ರಿಂದ 5 ಮಿ.ಮೀ. ಉದ್ದದ ಹೊಲಿಗೆ. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಎಂಬುದು ತಪ್ಪು ಲೆಕ್ಕ: ಸೂಜಿ ತೂತುಗಳ ಸಾಲಿನಲ್ಲೇ ಬಟ್ಟೆ ಅಂಚೆಚೀಟಿ ಹಾಳೆಯಂತೆ ಬಿಟ್ಟುಕೊಳ್ಳುತ್ತದೆ. ಹಳೆಯ ಹೊಲಿಗೆ ಬಿಚ್ಚುವ ಗೋಜು ಬೇಡ, ಪಕ್ಕದಲ್ಲೇ 2–3 ಮಿ.ಮೀ. ಬಿಟ್ಟು ಹೊಸ ಸಾಲು ಹಾಕಿ. ಪಿಟಿಎಫ್‌ಇ (ಟೆಫ್ಲಾನ್ ಬಗೆಯ) ದಾರ ದುಬಾರಿ, ಆದರೆ ಬಿಸಿಲಿಗೆ ಜಗ್ಗುವುದಿಲ್ಲ. ಹೊಸ ಹೊದಿಕೆ ಹೊಲಿಸುವವರು ಅದನ್ನೇ ಕೇಳಲಿ.

ತೇಪೆ ಹರುಕಿಗಿಂತ ಎಲ್ಲ ಬದಿಗೂ 4–5 ಸೆಂ.ಮೀ. ದೊಡ್ಡದಿರಲಿ, ಮೂಲೆ ಗುಂಡಗಿರಲಿ. ಚೂಪು ಮೂಲೆಯೇ ಮೊದಲು ಏಳುವುದು. ವಿನೈಲ್ ಹೊದಿಕೆಗೆ ಪಿವಿಸಿ ಅಂಟು ನಡೆಯುತ್ತದೆ, ಅಕ್ರಿಲಿಕ್‌ಗೆ ಅಂಟನ್ನು ನೆಚ್ಚಬೇಡಿ.

ಇಷ್ಟೆಲ್ಲ ಮಾಡಿಯೂ ನೀರು ನಿಲ್ಲುವ ತಗ್ಗನ್ನು ಹಾಗೇ ಬಿಟ್ಟರೆ ಕೆಲಸ ದಂಡವೇ. ಒಂದು ಮೀಟರ್ ಉದ್ದ, ಅಷ್ಟೇ ಅಗಲದ ತಗ್ಗಿನಲ್ಲಿ ಸರಾಸರಿ 10 ಸೆಂ.ಮೀ. ನೀರು ನಿಂತರೆ 100 ಕೆ.ಜಿ. ಭಾರ. ಯಾವ ಹೊಲಿಗೆ ತಾನೇ ತಡೆದೀತು? ಹಗ್ಗ ಬಿಗಿದಷ್ಟೂ ಐಲೆಟ್ (ಹಗ್ಗ ತೂರಿಸುವ ತೂತಿನ ಬಳೆ) ಕಿತ್ತುಬರುತ್ತದೆ ಹೊರತು ತಗ್ಗು ಹೋಗುವುದಿಲ್ಲ. ನಡುವೆ ಕಂಬ ಕೊಟ್ಟು ಇಳಿಜಾರು ಮಾಡಬೇಕು. ಕಂಬದ ತಲೆ, ಮುಂಗಾಜಿನ ಮೂಲೆ, ಹಗ್ಗ ಕಟ್ಟುವ ಗೂಟ ತಾಗುವ ಕಡೆ ಒಳಬದಿಗೆ ಇನ್ನೊಂದು ಪದರ ಹೊಲಿಯಿರಿ. ಗಾಳಿಗೆ ಬಡಿದು ಸವೆಯುವುದು ಅಲ್ಲೇ.

ಎಲ್ಲೂ ಹರಿಯದೆ ಬಟ್ಟೆಯೇ ಜಿನುಗುತ್ತಿದ್ದರೆ ಹೋಗಿರುವುದು ನೀರು ತಡೆಯುವ ಲೇಪ. ಸೌಮ್ಯ ಸೋಪಿನಿಂದ ತೊಳೆದು, ಸೋಪಿನ ಅಂಶ ಪೂರ್ತಿ ಹೋಗುವಂತೆ ಜಾಲಿಸಿ, ಒಣಗಿಸಿ, ಬಳಿಕ ನೀರು ನಿರೋಧಕ ದ್ರಾವಣ ಸಿಂಪಡಿಸಿ. ಸೋಪು ಉಳಿದರೆ ಲೇಪ ಹಿಡಿಯುವುದಿಲ್ಲ.

ಬದಲಿಸಲೇಬೇಕಾದರೂ ಹಳೆಯದನ್ನು ಬಿಸಾಡಬೇಡಿ, ಬಿಚ್ಚಿದರೆ ಅದೇ ಅಳತೆಯ ನಮೂನೆ. ಆದರೆ ವರ್ಷಗಟ್ಟಲೆ ಜಗ್ಗಿ ಹಿಗ್ಗಿರುತ್ತದೆ. ಬಿಚ್ಚುವ ಮುನ್ನ ದೋಣಿಯ ಮೇಲೆ ಹಾಸಿ, ಸಡಿಲ ಇರುವಲ್ಲಿ ಸೀಮೆಸುಣ್ಣದ ಗುರುತು ಹಾಕಿಟ್ಟುಕೊಳ್ಳಿ.

– ಒಬ್ಬ ಹೊದಿಕೆ ಹೊಲಿಗೆಗಾರ