ಮಗಳಿಗೊಂದು ಪತ್ರ: ಹಿಟ್ಲರ್ ಮೇಷ್ಟ್ರಿಂದ

ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾವು ಕ್ಷೇಮ. ನಿನ್ನ ಚಕ್ಲಿ ಡಬ್ಬ ಇನ್ನೂ ಟಿವಿ ಪಕ್ಕದಲ್ಲೇ ಇದೆ. ಅಮ್ಮ ಅದನ್ನು ಮುಟ್ಟೋಕೆ ಬಿಡುತ್ತಿಲ್ಲ. ಮರೆತು ಹೋದೆಯೋ, ಬೇಕಂತಲೇ ಬಿಟ್ಟು ಹೋದೆಯೋ, ನಾನು ಕೇಳಿಲ್ಲ. ಹಬ್ಬದ ಊಟದಲ್ಲಿ ಆದ ಮಾತುಗಳನ್ನೆಲ್ಲ ಮತ್ತೆ ಬರೆಯುವುದಿಲ್ಲ. ಮೂರು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ.

ನಾನು ನಗಬಾರದಿತ್ತು. ನಿನ್ನ ಒಂಬತ್ತನೇ ಕ್ಲಾಸಿನ ಹುಡುಗ ‘ನಮ್ಮ ದೇಶಕ್ಕೂ ಒಬ್ಬ ಹಿಟ್ಲರ್ ಬೇಕು ಮಿಸ್’ ಅಂದನಂತೆ. ನೀನು ಅವನನ್ನು ಆಚೆ ನಿಲ್ಲಿಸಿದೆ. ಅವನ ಅಪ್ಪ ಅಮ್ಮ ಬಂದು ಗಲಾಟೆ ಮಾಡಿದರು. ಅಷ್ಟೆಲ್ಲ ಹೇಳುತ್ತಿರುವಾಗ ನಾನು ‘ಹಿಟ್ಲರ್ ನಮ್ಮನೆಯಲ್ಲೇ ಇದಾನೆ ಅಂತ ಹೇಳಬೇಕಿತ್ತು’ ಅಂದುಬಿಟ್ಟೆ. ಆ ಹೆಸರು ನನಗೆ ಅಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ.

ಇಷ್ಟು ವರ್ಷ ಆ ಹೆಸರನ್ನು ಶಾಲು ಹೊದ್ದ ಹಾಗೆ ಹೊದ್ದುಕೊಂಡಿದ್ದೆ. ಉಳಿದವರಿಗೆ ಮಕ್ಕಳು ಬೋಂಡ ಮೇಷ್ಟ್ರು, ನಿದ್ದೆ ಮೇಷ್ಟ್ರು ಅಂತ ಹೆಸರಿಟ್ಟಿದ್ದರು. ನನ್ನದೇ ದೊಡ್ಡದು ಅನ್ನಿಸುತ್ತಿತ್ತು. ಹಿಟ್ಲರ್ ಮೇಷ್ಟ್ರು ಕಾರಿಡಾರಿಗೆ ಕಾಲಿಟ್ಟರೆ ಎಂಟು ಕ್ಲಾಸು ತೆಪ್ಪಗಾಗುತ್ತಿತ್ತು. ನಿವೃತ್ತಿಯ ದಿನ ಹಳೇ ವಿದ್ಯಾರ್ಥಿಯೊಬ್ಬ ಮೈಕಿನಲ್ಲಿ ಹಾಗೆ ಕರೆದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ನೀನು ಮಾತ್ರ ತಟ್ಟಲಿಲ್ಲ. ತಲೆನೋವಿರಬೇಕು ಅಂದುಕೊಂಡಿದ್ದೆ.

ಹೆಸರು ಹುಟ್ಟಿದ ದಿನ ನೀನೂ ಅಲ್ಲಿದ್ದೆ. 1998ರ ಸ್ಕೂಲ್ ಡೇ, ಟಾಗೋರರ ‘ಡಾಕ್‌ಘರ್’ ನಾಟಕ. ಕಾಯಿಲೆ ಬಿದ್ದು ಕಿಟಕಿ ಬಳಿ ಕೂತ ಅಮಲ್, ಹೂ ತರುವ ಸುಧಾ. ಸುಧಾ ನೀನು. ಅಮಲ್ ಆಗಿದ್ದ ಹುಡುಗ ಮೂರನೇ ಸಲವೂ ಮಾತು ಮರೆತ. ಬೆತ್ತದಲ್ಲಿ ಬಾರಿಸಿದೆ. ಅವನ ಅಂಗೈ ಕೆಂಪಾಯಿತು. ಪರದೆ ಹಿಂದಿನಿಂದ ಯಾರೋ ‘ಹಿಟ್ಲರ್’ ಅಂದರು. ನಾನು ಹುಡುಕಲಿಲ್ಲ, ಬೈಯಲಿಲ್ಲ. ಕಾಲರ್ ಸರಿ ಮಾಡಿಕೊಂಡೆ. ನೀನು ಹೂಬುಟ್ಟಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದೆ. ಅಳುವ ಹುಡುಗನನ್ನಲ್ಲ, ನನ್ನನ್ನು. ಆ ಕಾಲರ್ ಸರಿ ಮಾಡಿಕೊಂಡದ್ದೇ ಈಗ ಮತ್ತೆ ಮತ್ತೆ ಕಣ್ಣಿಗೆ ಬರುತ್ತಿದೆ.

ಮೊನ್ನೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ‘ಕೊರ್ಚಾಕ್ ಅಂತ ಒಬ್ಬರಿದ್ದರು, ಓದಿ ನೋಡಿ’ ಅಂದೆಯಲ್ಲ, ಓದಿದೆ. ಯಾನುಷ್ ಕೊರ್ಚಾಕ್, ಮಕ್ಕಳ ಡಾಕ್ಟರು, ಪೋಲೆಂಡಿನ ವಾರ್ಸಾದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ, ಅಂದರೆ ಘೆಟ್ಟೋದಲ್ಲಿ, ಯಹೂದಿ ಅನಾಥಾಲಯ ನಡೆಸುತ್ತಿದ್ದವರು. 1942ರ ಜುಲೈ 18ರಂದು ಅವರ ಮಕ್ಕಳು ಒಂದು ನಾಟಕ ಆಡಿದರು. ಯಾವುದು ಅಂತ ನೀನು ಹೇಳದೆ ಹೋಗಿದ್ದೆ. ನಾನೇ ಕಂಡುಕೊಳ್ಳಲಿ ಅಂತ ತಾನೆ? ನಮ್ಮದೇ ಡಾಕ್‌ಘರ್. ಆಡಿದ ನಾಲ್ಕೇ ದಿನಕ್ಕೆ ಘೆಟ್ಟೋದಿಂದ ರೈಲಿಗೆ ತುಂಬೋದು ಶುರುವಾಯಿತು. ಆಗಸ್ಟ್ ಮೊದಲ ವಾರ ಸುಮಾರು 200 ಮಕ್ಕಳನ್ನು ಟ್ರೆಬ್ಲಿಂಕಾ ಅನ್ನೋ ಕೊಲ್ಲುವ ಶಿಬಿರಕ್ಕೆ ಒಯ್ದರು. ತಪ್ಪಿಸಿಕೊಳ್ಳೋ ದಾರಿ ಇದ್ದರೂ ಕೊರ್ಚಾಕ್ ಮಕ್ಕಳ ಜೊತೆಯಲ್ಲೇ ಹೋದರು. ಅಲ್ಲೂ ಒಬ್ಬ ಅಮಲ್ ಇದ್ದ. ಒಬ್ಬಳು ಸುಧಾ ಇದ್ದಳು. ಅವರನ್ನು ಕೊಲ್ಲಿಸಿದವನ ಹೆಸರು ಕೇಳಿ ನಾನು ಕಾಲರ್ ಸರಿ ಮಾಡಿಕೊಂಡಿದ್ದೆ.

ನನ್ನ ಪಾಠ ಹೇಗಿತ್ತು ಗೊತ್ತಲ್ಲ. ಎರಡನೇ ಮಹಾಯುದ್ಧಕ್ಕೆ ಕಾರಣಗಳು, ನಾಲ್ಕು ಅಂಕ. ವರ್ಸೇಲ್ಸ್ ಒಪ್ಪಂದ ಬರೆದರೆ ಒಂದು. 60 ಲಕ್ಷ ಯಹೂದಿಗಳು ಸತ್ತದ್ದು ಪರೀಕ್ಷೆಗೆ ಬರೋಲ್ಲ ಅಂತ ಒಂದೇ ಉಸಿರಿಗೆ ದಾಟಿಸಿಬಿಡುತ್ತಿದ್ದೆ. ಅದರಲ್ಲಿ ಸುಮಾರು 15 ಲಕ್ಷ ಮಕ್ಕಳು. ಆ ಲೆಕ್ಕ ನಾನು ಬೋರ್ಡಿನ ಮೇಲೆ ಒಂದು ಸಲವೂ ಬರೆದಿಲ್ಲ.

ಹಾಗಾಗಿ ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಎರಡು ಮಾತು. ಆ ಹುಡುಗನನ್ನು ಆಚೆ ಕಳಿಸಬೇಡ. ಅವನು ಆ ಮಾತನ್ನು ಹೊಟ್ಟೆಯಿಂದ ಕಲಿತು ಬಂದಿಲ್ಲ, ನನ್ನಂಥವರಿಂದ ಕಲಿತಿದ್ದಾನೆ. ಹಿಟ್ಲರ್ ಬ್ರಿಟಿಷರಿಗೆ ಬುದ್ಧಿ ಕಲಿಸಿದ ಅಂತ ನಮ್ಮಪ್ಪನೂ ಹೇಳುತ್ತಿದ್ದರು. ಆ ಹುಡುಗನನ್ನು ಒಳಗೆ ಕೂರಿಸಿ 1937ರ ಕತೆ ಹೇಳು. ಗಾಂಧಿ-ಇರ್ವಿನ್ ಒಪ್ಪಂದ ಅಂತ ಓದಿಸುತ್ತೇವಲ್ಲ, ಅದೇ ಇರ್ವಿನ್ ಆಮೇಲೆ ಲಾರ್ಡ್ ಹ್ಯಾಲಿಫ್ಯಾಕ್ಸ್ ಆಗಿ ಹಿಟ್ಲರನನ್ನು ನೋಡೋಕೆ ಹೋಗಿದ್ದರು. ಭಾರತದ ಗಲಾಟೆಗೆ ಹಿಟ್ಲರ್ ಹೇಳಿದ ಔಷಧಿ ಏನು? ಗಾಂಧಿಗೆ ಗುಂಡು ಹೊಡೆಯಿರಿ ಅಂತ. ಹುಡುಗ ಏನಂತಾನೆ ನೋಡು.

ಹೆಣದ ರಾಶಿಯ ಫೋಟೋ ಮೊದಲ ದಿನವೇ ತೋರಿಸಬೇಡ. ಹದಿನಾಲ್ಕರ ಮಕ್ಕಳು ಹೆದರಿ ಕಣ್ಣು ಮುಚ್ಚುತ್ತಾರೆ, ಇಲ್ಲಾ ಹೆದರಿಕೆ ಮುಚ್ಚೋಕೆ ನಗುತ್ತಾರೆ. ಸಣ್ಣದರಿಂದ ಶುರು ಮಾಡು. 1933ರ ಏಪ್ರಿಲ್‌ನಲ್ಲಿ ಜರ್ಮನಿಯಲ್ಲಿ ನಾಜಿಗಳು, ಅಂದರೆ ಹಿಟ್ಲರನ ಪಕ್ಷದವರು, ಯಹೂದಿಗಳ ಅಂಗಡಿಗೆ ಹೋಗಬೇಡಿ ಅಂತ ಬಾಗಿಲಲ್ಲಿ ಕಾವಲು ನಿಂತರು. 1935ರಲ್ಲಿ ಪೌರತ್ವ ಕಿತ್ತುಕೊಂಡರು. 1938ರ ನವೆಂಬರ್‌ನಲ್ಲಿ ಸರ್ಕಾರಿ ಶಾಲೆಗಳಿಂದ ಯಹೂದಿ ಮಕ್ಕಳನ್ನು ಪೂರ್ತಿ ಹೊರಗೆ ಹಾಕಿದರು. ಗ್ಯಾಸ್ ಚೇಂಬರ್ ಬಂದದ್ದು ಆಮೇಲೆ. ಅಷ್ಟು ಹೊತ್ತಿಗೆ ಪಕ್ಕದ ಬೆಂಚು ಖಾಲಿಯಾಗಿದ್ದು ಎಲ್ಲರಿಗೂ ರೂಢಿಯಾಗಿತ್ತು. ಆ ದೇಶದ ಮೇಷ್ಟ್ರುಗಳಲ್ಲಿ ಬಹುಪಾಲು ಜನ ನಾಜಿ ಶಿಕ್ಷಕರ ಸಂಘದ ಸದಸ್ಯರು. ಅಂಗವಿಕಲರನ್ನು ಸಾಕೋಕೆ ಸರ್ಕಾರಕ್ಕೆ ಎಷ್ಟು ಖರ್ಚು ಅಂತ ಗಣಿತದ ಪುಸ್ತಕದಲ್ಲೇ ಲೆಕ್ಕ ಕೊಡುತ್ತಿದ್ದರು. ಯಾರೋ ಒಬ್ಬ ಶಿಸ್ತಿನ ಮೇಷ್ಟ್ರು ಅದನ್ನು ಬೋರ್ಡಿನಲ್ಲಿ ಬಿಡಿಸಿ ತೋರಿಸಿರಬೇಕು. ಅಕ್ಷರ ದುಂಡಗಿತ್ತೋ ಏನೋ.

1943ರ ಬಂಗಾಳದ ಬರವನ್ನೂ ಅದೇ ಪಾಠದಲ್ಲಿ ಸೇರಿಸು. ಸತ್ತವರು ಸುಮಾರು 30 ಲಕ್ಷ, ಅದೂ ಯುದ್ಧದ ಲೆಕ್ಕವೇ. ನೋಡು, ಎರಡು ಮಾತು ಅಂದವನು ಎಷ್ಟು ಕೊರೆದೆ.

ಕೆಲಸ ಬಿಡ್ತೀನಿ ಅಂದೆ. ಬೇಡ ಅನ್ನೋಕೆ ನಾಲಿಗೆ ತುದಿಗೆ ಬರುತ್ತೆ. ಮನೆ ಸಾಲದ ಕಂತು ಇದೆ, ನಿನ್ನ ಬಿಪಿ ಬೇರೆ. ಆದರೆ ಆ ಮಾತಿಗೆ ಸಿಟ್ಟು ಬರುವ ಮಗಳು ನನ್ನ ಮನೆಯಲ್ಲಿ ಹುಟ್ಟಿದಳಲ್ಲ ಅಂತ ರಾತ್ರಿ ಅಮ್ಮನ ಹತ್ತಿರ ಹೇಳಿದೆ. ಅಮ್ಮ ‘ಅದನ್ನ ಅವಳಿಗೇ ಹೇಳಿ’ ಅಂದು ಮಗ್ಗುಲಾದಳು.

ಇನ್ನೊಂದು. ನನ್ನ ಹಳೇ ಹುಡುಗರ ವಾಟ್ಸಾಪ್ ಗ್ರೂಪಿನ ಹೆಸರು ಗೊತ್ತಲ್ಲ, ‘ಹಿಟ್ಲರ್ ಮೇಷ್ಟ್ರ ಶಿಷ್ಯರು’. ನಿನ್ನೆ ಆ ಹೆಸರು ಬದಲಾಯಿಸಿ ಅಂತ ಬರೆದೆ. ಹನ್ನೊಂದು ಜನ ನಗುವ ಮುಖ ಹಾಕಿದರು. ಒಬ್ಬ ‘ಸರ್, ಈಗಲೂ ಅದೇ ಗತ್ತು’ ಅಂದ. ಕೊರ್ಚಾಕ್ ವಿಷಯ ಉದ್ದಕ್ಕೆ ಬರೆದು ಹಾಕಿದ್ದೇನೆ. ಇನ್ನೂ ಯಾರೂ ಮಾತಾಡಿಲ್ಲ. ಅಮಲ್ ಆಗಿದ್ದ ಹುಡುಗ ಆ ಗ್ರೂಪಿನಲ್ಲಿ ಇಲ್ಲ. ಅವನ ನಂಬರ್ ನಿನ್ನ ಹತ್ತಿರ ಇದ್ದರೆ ಕಳಿಸು.

ಚಕ್ಲಿಯನ್ನು ಕೊರಿಯರ್ ಮಾಡುತ್ತೇವೆ. ಪುಡಿಯಾದರೆ ಬೈಯಬೇಡ.

ನಿನ್ನ ಅಪ್ಪ